ಮಂಜಿಗೆ ಕೈ ಕೊಡುವ ಕಾರು

ರಿಪೇರಿಗೆ ಗಾಡಿ ತರುವವರಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು "ಒಂದೊಂದ್ ಸಲ ಸ್ಟಾರ್ಟ್ ಆಗ್ತದೆ, ಒಂದೊಂದ್ ಸಲ ಆಗಲ್ಲ" ಎನ್ನುವವರ ಮೇಲೆ. ಪೂರ್ತಿ ಕೆಟ್ಟ ಗಾಡಿ ಸಭ್ಯ ಗಾಡಿ. ಅದರ ದೋಷ ಇದ್ದಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಕೈ ಕೊಡುವ ಗಾಡಿ ಹಾಗಲ್ಲ. ಮನೆಯಲ್ಲಿ ಹಟ ಹಿಡಿದದ್ದು ನನ್ನ ಅಂಗಡಿಯ ಮುಂದೆ ಬಂದ ತಕ್ಷಣ ಒಂದೇ ಕೀಗೆ ಗುರ್ ಎನ್ನುತ್ತದೆ. ತಂದವನು ಪೆಚ್ಚಾಗಿ ನಿಲ್ಲುತ್ತಾನೆ, ನಾನು ಅವನನ್ನೇ ದುರುಗುಟ್ಟಿ ನೋಡುತ್ತೇನೆ. ತೀರ್ಥಹಳ್ಳಿಯಲ್ಲಿ ವೈರಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತು ಚಿಲ್ಲರೆ ವರ್ಷವಾಯಿತು. ಕೆಲಸ ಚೆನ್ನಾಗಿ ಮಾಡುತ್ತಾನೆ, ಬಾಯಿ ಮಾತ್ರ ಕೆಟ್ಟದ್ದು ಎಂದು ಊರಲ್ಲಿ ನನಗೆ ಹೆಸರಿದೆ. ಅದೇನೂ ಸುಳ್ಳಲ್ಲ.

ನನ್ನ ಭಾವನ ಕಾರು ಇಂಥದ್ದೇ ಒಂದು. ಅಕ್ಕನನ್ನು ಕೊಟ್ಟದ್ದು ಹತ್ತಿರದ ಅರಳಸುರಳಿಗೆ. ಭಾವ ಆ ಬಿಳಿ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡು ಹದಿನೈದು ವರ್ಷದ ಮೇಲಾಗಿತ್ತು. ಬಾಗಿಲು ಎರಡು ಸಲ ಎಳೆದರೆ ಹಾಕಿಕೊಳ್ಳುತ್ತಿತ್ತು, ಹಾರ್ನ್ ನೆಗಡಿಯಾದವರ ಹಾಗೆ ಕೂಗುತ್ತಿತ್ತು, ಆದರೆ ದಾರಿಯಲ್ಲಿ ಕೈಬಿಟ್ಟದ್ದಿಲ್ಲ. ಅಕ್ಕನ ಎರಡೂ ಕಿಡ್ನಿ ಹೋದ ಮೇಲೆ ಆ ಕಾರಿನ ಮೇಲೆ ದೊಡ್ಡ ಭಾರ ಬಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳು ತೀರ್ಥಹಳ್ಳಿಯಲ್ಲಿ ಡಯಾಲಿಸಿಸ್‌ಗೆ ಮಲಗಬೇಕು. ಅಷ್ಟು ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ. ತಪ್ಪಿದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ, ಅವಳ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಅಂದರೆ ವಾರಕ್ಕೆ ಎರಡು ಬೆಳಗು ಆ ಕಾರು ಸ್ಟಾರ್ಟ್ ಆಗುವುದರ ಮೇಲೆ ನನ್ನ ಅಕ್ಕನ ಜೀವ ನಿಂತಿತ್ತು.

ಮೊದಲನೇ ಸಲ ಕಾರು ಕೈ ಕೊಟ್ಟದ್ದು ನನ್ನಿಂದಲೇ. ಮಳೆಗಾಲ ಹಿಡಿಯುವ ಮೊದಲು ನಮ್ಮ ಕಡೆ ಗಾಡಿಯ ತಳಕ್ಕೆ, ತುಕ್ಕು ಹಿಡಿಯದಿರಲಿ ಎಂದು, ಕಪ್ಪು ಪೇಂಟ್ ಹೊಡೆಸುತ್ತಾರೆ. ಆ ವರ್ಷ ಭಾವನ ಕಾರಿಗೆ ನಾನೇ ಹೊಡೆದೆ. ಅಕ್ಕನಿಗಾಗಿ ಓಡುವ ಗಾಡಿ ಎಂದು ಸ್ವಲ್ಪ ಹೆಚ್ಚೇ ಹೊಡೆದೆ. ತಳಕ್ಕಷ್ಟೇ ಅಲ್ಲ, ಬಾನೆಟ್ ಎತ್ತಿ ಬ್ಯಾಟರಿಯ ಸುತ್ತಲಿನ ತಗಡಿಗೂ ಬಳಿದೆ. ಬ್ಯಾಟರಿಯಿಂದ ಕಾರಿನ ತಗಡಿಗೆ ಬರುವ, ಕರೆಂಟ್ ವಾಪಸ್ ಹೋಗುವ ಅರ್ತ್ ವೈರನ್ನು ಬಿಚ್ಚಿ, ಆ ಜಾಗಕ್ಕೂ ಚೆನ್ನಾಗಿ ಬಳಿದು, ಒಣಗಿದ ಮೇಲೆ ವೈರನ್ನು ಪೇಂಟಿನ ಮೇಲೇ ಕೂರಿಸಿ ನಟ್ ಬಿಗಿದೆ. ಕೆಲಸ ಕಲಿಯಲು ಬಂದವನೊಬ್ಬ ನನ್ನೆದುರು ಹೀಗೆ ಮಾಡಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದೆ. ಪೇಂಟಿನ ಮೇಲೆ ಕರೆಂಟ್ ಹರಿಯುವುದಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ.

ನಟ್‌ನ ಒಂದು ಮೂಲೆ ಪೇಂಟನ್ನು ಕೆರೆದು ತಗಡಿಗೆ ತಾಗಿಕೊಂಡಿದ್ದರಿಂದ ಕೆಲವು ದಿನ ಎಲ್ಲ ಸರಿ ಇತ್ತು. ಮಳೆ ಜೋರಾದ ಮೇಲೆ ಒಂದು ಮಂಗಳವಾರ ಕೀ ತಿರುಗಿಸಿದರೆ ಬರೀ ಟಕ್ ಟಕ್. ಲೈನ್ ಹೋಗಿ ಫೋನೂ ಸತ್ತಿತ್ತು. ಭಾವ ಮಳೆಯಲ್ಲಿ ನೆನೆದುಕೊಂಡು ಪಕ್ಕದ ಮನೆಯವರ ಜೀಪು ಕೇಳಲು ಹೋದರು, ಅದು ಅಡಕೆ ಹೇರಿಕೊಂಡು ಸಾಗರಕ್ಕೆ ಹೋಗಿತ್ತು. ಅಕ್ಕನಿಗೆ ಅವತ್ತು ಡಯಾಲಿಸಿಸ್ ತಪ್ಪಿತು. ಗುರುವಾರದ ಹೊತ್ತಿಗೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಕೂತೇ ಇರಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತು ಅವಳು ಬಾಯಿ ತೆರೆದು ಉಸಿರೆಳೆಯುವುದನ್ನು ನಾನು ನೋಡಿದೆ. ಆಗಲೂ ಅವಳು ಕೇಳಿದ್ದು "ಊಟ ಮಾಡಿದ್ಯಾ ತಮ್ಮಾ" ಎಂದು.

ಕಾರನ್ನು ಅಂಗಡಿಗೆ ತರಿಸಿಕೊಂಡೆ. ಬರುವಾಗ ಒಂದೇ ಕೀಗೆ ಸ್ಟಾರ್ಟ್ ಆಗಿತ್ತಂತೆ. ಬ್ಯಾಟರಿ ನೋಡಿದೆ, ಸರಿ ಇತ್ತು. ಸ್ಟಾರ್ಟರ್ ಮೋಟಾರ್ ಇಳಿಸಿ ಅದರೊಳಗೆ ಸವೆಯುವ ಬ್ರಷ್ ನೋಡಿದೆ, ಇನ್ನೂ ಎರಡು ವರ್ಷಕ್ಕೆ ತೊಂದರೆ ಇರಲಿಲ್ಲ. ಇಗ್ನಿಷನ್ ಸ್ವಿಚ್, ರಿಲೇ, ಫ್ಯೂಸ್, ಒಂದೊಂದೇ ನೋಡುತ್ತಾ ಎರಡು ದಿನ ಕಳೆದೆ. ಕೊನೆಗೆ ಒಂದು ಸಲ ಟಕ್ ಎಂದು ನಿಂತಾಗ ಬಾನೆಟ್ ಒಳಗೆ ಕೈ ಹಾಕಿದರೆ ಅರ್ತ್ ವೈರಿನ ತುದಿ ಬಿಸಿ. ಕರೆಂಟಿಗೆ ವಾಪಸ್ ಹೋಗುವ ದಾರಿ ಇಕ್ಕಟ್ಟಾದರೆ ಆ ಜಾಗ ಕಾಯುತ್ತದೆ. ಆಗ ಹೊಳೆಯಿತು. ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿಗೆ ಇನ್ನೊಂದು ದಪ್ಪ ವೈರು ಕೊಟ್ಟು ಕೀ ತಿರುಗಿಸಿದೆ, ಕಾರು ಎದ್ದು ಕೂತಿತು. ಅರ್ತ್ ವೈರಿನ ನಟ್ ಬಿಚ್ಚಿ ನೋಡಿದರೆ ಅಡಿಯಲ್ಲಿ ನಾನೇ ಬಳಿದ ಕಪ್ಪು ಪೇಂಟ್ ಮಿರಮಿರ ಮಿಂಚುತ್ತಿತ್ತು.

ಭಾವನ ಮುಂದೆ ಒಪ್ಪಿಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಭಾವ "ಹೋಗ್ಲಿ ಬಿಡಾ, ನೀನೇನು ಬೇಕೂಂತ ಮಾಡಿದ್ದಲ್ಲ" ಎಂದರು. ಆ ಮನುಷ್ಯ ಅಂಥವರೇ. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಸಾಲ ಕೇಳಲು ಬಂದವರಿಗೂ "ದುಡ್ಡು ಇದೆ, ಆದ್ರೆ ಕೊಡಲ್ಲ" ಎಂದು ಹೇಳಿ ಹಗೆ ಕಟ್ಟಿಕೊಂಡವರು. ತಗಡನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ವೈರು ಕೂರಿಸಿ, ಭಾವನನ್ನು ಹತ್ತಿರ ಕರೆದು ತೋರಿಸಿದೆ.

"ನೋಡಿ ಭಾವ, ಇದೊಂದು ನಟ್ ಸಡಿಲ ಆದ್ರೆ ಇಡೀ ಗಾಡಿ ಸತ್ತ ಹಾಗೆ. ಈ ಸ್ಪ್ಯಾನರ್ ಗಾಡೀಲೇ ಇಟ್ಕೊಳ್ಳಿ. ಕೈ ಕೊಟ್ರೆ ಮೊದ್ಲು ಇಲ್ಲಿ ನೋಡಿ."

ಭಾವ ಬಗ್ಗಿ, ಮುಖವನ್ನು ನಟ್‌ಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಕಲಿಯುವ ಆಸಕ್ತಿ ಎಂದುಕೊಂಡೆ.

ಉಳಿದ ಮಳೆಗಾಲವಿಡೀ ಕಾರು ಒಂದು ದಿನವೂ ತಕರಾರು ಮಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಅಕ್ಕ ವರದಮೂಲದ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರಬೇಕು ಎಂದಳು. ಒಂದು ಭಾನುವಾರ, ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು, ಹೊಸನಗರದ ಮೇಲೆ ಸಾಗರಕ್ಕೆ ಹೋಗಿ, ವರದಮೂಲ ನೋಡಿಕೊಂಡು ಇಬ್ಬರೂ ಸಂಜೆಯೊಳಗೆ ಮನೆ ಸೇರಿದರು. ದಾರಿಯಲ್ಲಿ ನಾಲ್ಕು ಕಡೆ ನಿಲ್ಲಿಸಿದರೂ ನಾಲ್ಕು ಕಡೆಯೂ ಒಂದೇ ಕೀ. ಅಕ್ಕ ಫೋನಿನಲ್ಲಿ ಹೇಳುವಾಗ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ಕೇಳಿಲ್ಲ.

ಚಳಿ ಶುರುವಾಯಿತು. ಒಂದು ಶುಕ್ರವಾರ ಬೆಳಿಗ್ಗೆ ಭಾವನ ಫೋನು.

"ಗಾಡಿ ಕೈ ಕೊಡ್ತು ಮಾರಾಯ. ಸ್ವಲ್ಪ ಬರ್ತೀಯಾ?"

ನನ್ನ ಹಳೆಯ ಓಮ್ನಿ ತೆಗೆದುಕೊಂಡು ಹೋದೆ. ದಾರಿ ತುಂಬ ಮಂಜು, ಎರಡು ಮಾರು ಆಚೆ ಏನೂ ಕಾಣದು. ಅಕ್ಕ ಜಗಲಿಯಲ್ಲಿ ಚೀಲ ಹಿಡಿದು ಕೂತಿದ್ದಳು. ಹೊತ್ತಾಗಿದ್ದರಿಂದ ಬಾನೆಟ್ ಎತ್ತಿ ನೋಡಲು ಪುರುಸೊತ್ತಿಲ್ಲ, ಅವಳನ್ನು ಕೂರಿಸಿಕೊಂಡು ಹೊರಟೆ. ಭಾವ "ನಾನು ಇಲ್ಲೇ ಇದ್ದು ಗಾಡಿ ನೋಡ್ತೀನಿ" ಎಂದು ಉಳಿದರು. ಮಧ್ಯಾಹ್ನ ಅವಳನ್ನು ಬಿಡಲು ಹೋದಾಗ ಕಾರು ಒಂದೇ ಕೀಗೆ ಸ್ಟಾರ್ಟ್ ಆಯಿತು. ಮುಂದಿನ ವಾರ ಮತ್ತೆ ಹಾಗೇ. ಅದರ ಮುಂದಿನ ವಾರ ಮಂಗಳವಾರ ಸುಮ್ಮನಿತ್ತು, ಶುಕ್ರವಾರ ಫೋನು.

ನನ್ನ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅರಳಸುರಳಿಗೆ ಓಡುವುದು, ಮಧ್ಯಾಹ್ನ ಮತ್ತೆ ಓಡುವುದು. ಗಿರಾಕಿಗಳು ಕಾದು ಬೇರೆ ಕಡೆ ಹೋಗುತ್ತಿದ್ದರು. ನನಗೆ ಸಿಟ್ಟು ಬಂದದ್ದು ಫೋನಿನಲ್ಲೇ ಕೇಳಿಸುತ್ತಿತ್ತು. "ಎಂತ ಭಾವ, ಮತ್ತೆ ಶುರು ಆಯ್ತಾ? ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಒಂದೆರಡು ಸಲ ಅಂದದ್ದೂ ಉಂಟು. ಆ ಕಡೆಯಿಂದ ಭಾವ "ಆಗ್ಲಿ, ನಿಧಾನ ಬಾ" ಎನ್ನುತ್ತಿದ್ದರು.

ಒಂದು ಹಾಳೆ ತೆಗೆದುಕೊಂಡು ಕೈ ಕೊಟ್ಟ ದಿನಗಳನ್ನು ಬರೆದೆ. ಎಲ್ಲವೂ ಮಂಜು ಮುಸುಕಿದ ದಿನ. ಮಂಜಿಲ್ಲದ ದಿನ ಒಂದೂ ಇಲ್ಲ. ಕಳ್ಳ ಸಿಕ್ಕಿದ ಎಂದು ಬೀಗಿದೆ. ತೇವ ಎಲ್ಲೋ ಒಳಗೆ ಕೂರುತ್ತಿದೆ, ಬಿಸಿಲು ಬಿದ್ದ ಮೇಲೆ ಒಣಗಿ ಸರಿಯಾಗುತ್ತಿದೆ. ಆದರೆ ಒಂದು ಮಾತು ಕಾಡುತ್ತಿತ್ತು. ಮೂರು ತಿಂಗಳು ಬಿಡದೆ ಸುರಿದ ಮಳೆಗೆ ಜಗ್ಗದ ಗಾಡಿ ಇಷ್ಟು ಮಂಜಿಗೆ ಯಾಕೆ ಸೋಲಬೇಕು? ಹಾಗಿದ್ದರೂ ಪ್ರತಿ ಕನೆಕ್ಟರ್ ಬಿಚ್ಚಿ ಒರೆಸಿದೆ, ಗ್ರೀಸ್ ಹಚ್ಚಿದೆ, ಪ್ಲಗ್ ವೈರು ಬದಲಿಸಿದೆ, ಬಾನೆಟ್ ಮೇಲೆ ಹೊದಿಸಲು ಟಾರ್ಪಾಲಿನ ತುಂಡು ಕೊಟ್ಟೆ. ಅರ್ತ್ ನಟ್ಟನ್ನು ಇನ್ನೊಮ್ಮೆ ಬಿಗಿದು, ನಟ್ ಮೇಲಿಂದ ತಗಡಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ನಟ್ ತಾನಾಗಿ ತಿರುಗಿದರೆ ಗೆರೆ ಮುರಿಯುತ್ತದೆ, ಗೊತ್ತಾಗುತ್ತದೆ. ಅದು ನಮ್ಮ ಕಸುಬಿನ ರೂಢಿ.

ನಾಲ್ಕು ದಿನಕ್ಕೆ ಮತ್ತೆ ಫೋನು. ಈ ಸಲ ಹೊತ್ತಾದರೆ ಆಗಲಿ ಎಂದು ಹೋದವನೇ ಮೊದಲು ಬಾನೆಟ್ ಎತ್ತಿದೆ. ಗೆರೆ ಎರಡು ತುಂಡಾಗಿತ್ತು. ನಟ್ ಅಲುಗಾಟಕ್ಕೆ ಸಡಿಲವಾದದ್ದಲ್ಲ, ಪೂರ್ತಿ ಮೂರು ಸುತ್ತು ಹಿಂದೆ ಬಂದಿತ್ತು. ಅಡಿಯಲ್ಲಿ ಸ್ಪ್ರಿಂಗ್ ವಾಷರ್ ಹಾಕಿದ ನಟ್ ನಾಲ್ಕು ದಿನದಲ್ಲಿ ಮೂರು ಸುತ್ತು ತಾನಾಗಿ ತಿರುಗುವುದಿಲ್ಲ. ಯಾರೋ ಸ್ಪ್ಯಾನರ್ ಹಾಕಿದ್ದಾರೆ.

ಭಾವ ಕೊಟ್ಟಿಗೆಯ ಹತ್ತಿರ ಇದ್ದರು. ಅಕ್ಕ ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಹಿಂದಿನ ತಿಂಗಳಷ್ಟೇ ಅವಳು ಆಸ್ಪತ್ರೆಯಲ್ಲಿ "ಸಾಕಾಗಿದೆ ತಮ್ಮಾ, ಎಷ್ಟು ದಿನ ಇದು" ಎಂದಿದ್ದಳು. ನನಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಇವಳಿಗೆ ಡಯಾಲಿಸಿಸ್‌ಗೆ ಬರಲು ಮನಸ್ಸಿಲ್ಲ, ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ, ಅದಕ್ಕೇ ಗಾಡಿ ಕೆಡಿಸಿ ಕೂತಿದ್ದಾಳೆ. ನಟ್ ಬಿಗಿದೆ, ಭಾವನಿಗೆ ಏನೂ ಹೇಳದೆ ಅವಳನ್ನು ಓಮ್ನಿಯಲ್ಲಿ ಕೂರಿಸಿಕೊಂಡೆ. ಊರು ದಾಟುವ ತನಕ ತಡೆದುಕೊಂಡಿದ್ದೆ.

"ನಟ್ ಸಡಿಲ ಮಾಡಿದ್ದು ನೀನೇ ಅಲ್ವಾ?" ಎಂದೆ.

ಅವಳು ಮಡಿಲಲ್ಲಿದ್ದ ಚೀಲವನ್ನು ಸರಿಮಾಡಿಕೊಂಡಳು.

"ಸಾಯೋಕೆ ಅಷ್ಟು ಆಸೆ ಇದ್ರೆ ನೆಟ್ಟಗೆ ಹೇಳು. ನಾನ್ಯಾಕೆ ನಾಯಿ ಹಾಗೆ ಓಡಾಡ್ಲಿ? ನಿನ್ನಿಂದ ನನ್ನ ಅಂಗಡಿ ಹಾಳಾಗ್ತಾ ಇದೆ."

ಇಷ್ಟನ್ನೂ ನಾನೇ ಹೇಳಿದೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಹೇಳಿದೆ. ಅವಳು ಮಂಜನ್ನು ನೋಡುತ್ತಲೇ ಮೆಲ್ಲಗೆ ಅಂದಳು.

"ಹೌದು ತಮ್ಮಾ. ನಾನೇ. ನಿಮ್ ಭಾವಂಗೆ ಹೇಳ್ಬೇಡ."

"ನಿಂಗೆ ಸ್ಪ್ಯಾನರ್ ಹಿಡಿಯೋಕೆ ಬರ್ತದಾ?"

"ಕುಕ್ಕರ್ ಹಿಡಿಕೆ ಬಿಗಿ ಮಾಡೋದು ಯಾರು ಮತ್ತೆ? ನಾನೇ ಅಲ್ವಾ."

ಅಷ್ಟಕ್ಕೆ ನಂಬಿದೆ. ಅವಳ ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚುವ ನರ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಆ ಕೈಯಲ್ಲಿ ತುಂಬಿದ ಚೆಂಬನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಆ ಕಾರಿನ ಬಾನೆಟ್ಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೇ ಇನ್ನೊಂದು ಕೈಯಲ್ಲಿ ಆಧಾರದ ಕಡ್ಡಿ ಕೊಡಬೇಕು. ಇದೆಲ್ಲ ನನ್ನ ಕಣ್ಣೆದುರಿಗೇ ಇತ್ತು. ಗಾಡಿಯ ವಿಷಯದಲ್ಲಿ ಇಷ್ಟು ಸಾಕ್ಷಿ ಬಿಟ್ಟು ತೀರ್ಮಾನಕ್ಕೆ ಬರುವವನಲ್ಲ ನಾನು. ಅಕ್ಕನ ವಿಷಯದಲ್ಲಿ ಬಂದುಬಿಟ್ಟೆ.

ಅವತ್ತೇ ಮಧ್ಯಾಹ್ನ ಅರ್ತ್ ವೈರಿಗೆ ಎರಡು ನಟ್ ಹಾಕಿ, ಅಂಟು ಹಚ್ಚಿ, ಯಾರ ಸ್ಪ್ಯಾನರಿಗೂ ಬಗ್ಗದಂತೆ ಬಿಗಿದೆ. ಸಾಲದ್ದಕ್ಕೆ ಬ್ಯಾಟರಿಯಿಂದ ನೇರ ಇಂಜಿನ್ನಿಗೆ ಇನ್ನೊಂದು ವೈರು ಎಳೆದು, ಅಡಿಯಿಂದ ಮಾತ್ರ ಕೈ ಸಿಗುವ ಜಾಗದಲ್ಲಿ ಕೂರಿಸಿದೆ. ಭಾವ ಪಕ್ಕದಲ್ಲಿ ನಿಂತಿದ್ದರು.

"ಇನ್ನು ಮಳೆ ಬರ್ಲಿ ಮಂಜು ಬರ್ಲಿ, ಈ ಗಾಡಿ ಕೈ ಕೊಡಲ್ಲ ಭಾವ" ಎಂದೆ.

ಅವರು ಬಿಗಿದ ನಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ "ಒಳ್ಳೇದಾಯ್ತು ಮಾರಾಯ" ಎಂದರು.

ಆಮೇಲೆ ನನಗೆ ಒಂದೂ ಫೋನು ಬರಲಿಲ್ಲ. ಆ ಚಳಿಗಾಲದ ಅಷ್ಟೂ ಮಂಗಳವಾರ, ಅಷ್ಟೂ ಶುಕ್ರವಾರ ಇಬ್ಬರೂ ತಾವೇ ಬಂದರು. ಕೆಲವು ಸಲ ಅರ್ಧ ಗಂಟೆ ತಡವಾಗುತ್ತಿತ್ತು, ನರ್ಸ್ ಗೊಣಗುತ್ತಿದ್ದಳು, ಆದರೆ ಒಂದೂ ತಪ್ಪಲಿಲ್ಲ. ಒಂದು ದಿನ ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕಿದಾಗ ಅಕ್ಕನ ತಲೆಗೂದಲು, ಶಾಲು ಎಲ್ಲ ಒದ್ದೆಯಾಗಿತ್ತು. "ಗ್ಲಾಸ್ ಏರಿಸ್ಕೊಂಡು ಬರಬಾರ್ದಾ, ಇಷ್ಟು ಚಳೀಲಿ?" ಎಂದು ಅದಕ್ಕೂ ಬೈದೆ. ಅವಳು "ಗಾಳಿ ಬೇಕು ಅನ್ಸ್ತದೆ ಕಣಾ" ಎಂದಳು. ನನ್ನ ಬೈಗುಳ ಕೆಲಸ ಮಾಡಿತು, ಅಕ್ಕನಿಗೆ ಬುದ್ಧಿ ಬಂತು ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಯುಗಾದಿ ಕಳೆದು ಕೆಲವು ದಿನಕ್ಕೆ ಅವಳಿಗೆ ಜ್ವರ ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಐದನೇ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಹೃದಯ ಸೋತಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಆ ಮಾತು ನಿಜವೇ ಇರಬೇಕು. ಆದರೆ ಓಮ್ನಿಯಲ್ಲಿ ನಾನಾಡಿದ ಮಾತಿಗೂ ಅವಳ ಸಾವಿಗೂ ನಡುವೆ ಇದ್ದದ್ದು ಮೂರೇ ತಿಂಗಳು. ಅಷ್ಟರಲ್ಲಿ ಒಂದು ದಿನವೂ ಅವಳ ಪಕ್ಕ ಕೂತು "ತಪ್ಪಾಯ್ತು" ಎನ್ನಲು ನನಗೆ ಬಿಡುವಾಗಲಿಲ್ಲ. ತಪ್ಪಾಗಿದೆ ಎಂದೇ ನನಗೆ ಗೊತ್ತಿರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಂದು ದಿನ ಅರಳಸುರಳಿಗೆ ಹೋದೆ. ಕಾರಿನ ಮೇಲೆ ಎಲೆ ಬಿದ್ದು, ಗಾಜಿನ ಮೇಲೆ ಧೂಳು ಕೂತಿತ್ತು. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್ ಆಯಿತು.

"ಗಾಡಿ ಸರಿ ಇದೆ ಭಾವ. ದಿನಾ ಒಂದು ಸುತ್ತು ಹೊಡೀರಿ, ಇಲ್ದಿದ್ರೆ ಬ್ಯಾಟರಿ ಕೂರ್ತದೆ."

"ಅದ್ನ ನೀನೇ ತಗೊಂಡ್ ಹೋಗು. ನಂಗೆ ಆಗಲ್ಲ."

"ಯಾಕೆ ಆಗಲ್ಲ?"

ಭಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. "ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು" ಎಂದರು. "ಬಿಸಿಲಿರ್ಲಿ ಮಳೆ ಇರ್ಲಿ, ಹೇಗೋ ಆಗ್ತದೆ. ಮಂಜಿದ್ರೆ ಎಲ್ಲ ಬೆಳ್ಳಗೆ, ಎದುರು ಲಾರಿ ಬಂದ್ರೂ ತಿಳಿಯಲ್ಲ. ಆಪರೇಷನ್ ಮಾಡಿಸ್ಬೇಕು ಅಂದ್ರೆ ತಿಂಗಳು ಗಾಡಿ ಹೊಡೀಬಾರ್ದು ಅಂದ್ರು. ಅವ್ಳನ್ನ ಯಾರು ಕರ್ಕೊಂಡ್ ಹೋಗ್ತಾರೆ?"

"ನಾನಿರ್ಲಿಲ್ವಾ ಭಾವ?"

ಅವರು ನನ್ನ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ.

"ಒಂದು ಫೋನ್ ಮಾಡಿದ್ರೇ ಉರೀತಿದ್ದೆಯಲ್ಲ ನೀನು. ಗಾಡಿ ಕೆಟ್ಟಿದೆ ಅಂದ್ರೆ ಅದು ನಿನ್ನ ಕೆಲಸ, ಕರೀಬಹುದು. ನಂಗೆ ಕಣ್ಣು ಕಾಣಲ್ಲ, ದಿನಾ ಬಾ ಅಂತ ಹ್ಯಾಗೆ ಹೇಳ್ಲಿ? ಸುಳ್ಳು ಹೇಳಕ್ಕೂ ನಂಗೆ ಆಗಲ್ಲ. ಅದಕ್ಕೇ ಮಂಜು ಬಿದ್ದ ದಿನ ಎದ್ದು ಆ ನಟ್ ಸಡಿಲ ಮಾಡ್ತಿದ್ದೆ. ಆಮೇಲೆ ಫೋನ್ ಮಾಡ್ತಿದ್ದೆ. ಗಾಡಿ ನಿಜವಾಗ್ಲೂ ಸ್ಟಾರ್ಟ್ ಆಗ್ತಿರ್ಲಿಲ್ಲ. ನೀವು ಹೋದ್ಮೇಲೆ ಮತ್ತೆ ಬಿಗೀತಿದ್ದೆ."

ಎರಡು ನಟ್ ಹಾಕಿ, ಅಂಟು ಹಚ್ಚಿ ನಾನು ಬಿಗಿದದ್ದು ಈ ಮನುಷ್ಯನಿಗೆ ಉಳಿದಿದ್ದ ಒಂದೇ ದಾರಿಯನ್ನು.

"ಮತ್ತೆ ಚಳಿಗಾಲ ಪೂರ್ತಿ ಹ್ಯಾಗೆ ಬಂದ್ರಿ?" ಎಂದು ಕೇಳಿದೆ. ಕೇಳುವಾಗಲೇ ಒದ್ದೆ ಶಾಲು ಕಣ್ಣ ಮುಂದೆ ಬಂದಿತ್ತು.

"ಅವ್ಳು ಗ್ಲಾಸ್ ಇಳಿಸಿ ತಲೆ ಹೊರಗೆ ಹಾಕಿ ಹೇಳ್ತಿದ್ಲು. ಈಗ ತಿರುವು, ಈಗ ಬಲಕ್ಕೆ, ಈಗ ನಿಲ್ಸಿ ಬಸ್ ಬರ್ತಿದೆ ಅಂತ. ಮನೆಯಿಂದ ಆಸ್ಪತ್ರೆ ತನಕ ಹೇಳ್ತಾನೇ ಇರ್ತಿದ್ಲು. ನಾನು ಸ್ಟೀರಿಂಗ್ ಹಿಡ್ಕೊಂಡಿದ್ದೆ, ಅಷ್ಟೇ. ಗಾಡಿ ಹೊಡೀತಿದ್ದಿದ್ದು ಅವ್ಳೇ."

ಆ ದಿನದ ಮಾತನ್ನು ಭಾವನಿಗೆ ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅಕ್ಕ ಹೊತ್ತುಕೊಂಡ ತಪ್ಪು ಅವಳ ಮೇಲೆಯೇ ಉಳಿಯುವುದು ನನಗೆ ಸಹಿಸಲಾಗಲಿಲ್ಲ. ನಟ್ ಸಡಿಲವಾದದ್ದು ನನಗೆ ಅವತ್ತೇ ಸಿಕ್ಕಿತ್ತು, ಮಾಡಿದ್ದು ಅಕ್ಕ ಎಂದುಕೊಂಡು ಓಮ್ನಿಯಲ್ಲಿ ಅವಳನ್ನೇ ಕೇಳಿದೆ, ಅವಳು ತಾನೇ ಎಂದು ಒಪ್ಪಿಕೊಂಡಳು ಎಂದು ಹೇಳಿದೆ.

ಭಾವನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಕಣ್ಣಿನ ವಿಷಯ ಗೊತ್ತಿತ್ತು, ನಟ್ಟಿನ ವಿಷಯ ಗೊತ್ತಿಲ್ಲ ಎಂದೇ ಅವರು ತಿಳಿದಿದ್ದರು. ಪಂಚೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ಕೂತರು. "ನಂಗೆ ಹೇಳ್ಲೇ ಇಲ್ಲ ಅವ್ಳು" ಎಂದರು. ಆಮೇಲೆ ತಲೆ ಎತ್ತಿದರು.

"ಅವತ್ತು ನೀನು ಅವ್ಳಿಗೆ ಎಂತ ಅಂದೆ?"

ಪೊರೆ ಕಟ್ಟಿದ ಆ ಎರಡು ಕಣ್ಣು ನನ್ನ ಮುಖವನ್ನು ಹುಡುಕುತ್ತಿದ್ದವು. ಸುಳ್ಳು ಹೇಳಲಾರದೆ ಗಾಡಿ ಕೆಡಿಸಿದ ಮನುಷ್ಯ ನನ್ನೆದುರು ಕೂತು ಕೇಳುತ್ತಿದ್ದರು.

"ಎಂತದೂ ಅನ್ಲಿಲ್ಲ ಭಾವ" ಎಂದೆ.